ಸಂಬಂಧದ ಮಾವ ಹೋಟೆಲು ವಿಚಾರಿಸಿದ್ದು

ಊರಿನವರೆಲ್ಲ ಅವರನ್ನು ಸಂಬಂಧದ ಮಾವ ಎಂದೇ ಕರೆಯುತ್ತಿದ್ದರು. ಗಂಡಿಗೆ ಹೆಣ್ಣು, ಹೆಣ್ಣಿಗೆ ಗಂಡು ಹುಡುಕಿ ಕೂಡಿಸುವುದು ಅವರ ಜೀವಮಾನದ ಕಸುಬು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಯಾರಾದರೂ ಅವರ ಮುಂದೆ ಗಾದೆ ಎತ್ತಿದರೆ, ಸಾವಿರ ಬೇಕಾಗುವುದು ಕಲಿಯುವವನಿಗೆ, ಪಳಗಿದವನಿಗೆ ನಾಲ್ಕು ಸಾಕು ಎಂದು ನಕ್ಕುಬಿಡುತ್ತಿದ್ದರು. ಹೀಗೆ ಎರಡು ಮನೆಗಳ ಬಾಳನ್ನು ಒಂದು ಮಧ್ಯಾಹ್ನದ ಮಾತಿನಲ್ಲಿ ಗಂಟುಹಾಕಿ ಎದ್ದುಬರುತ್ತಿದ್ದ ಈ ಮಹಾನುಭಾವರು, ನಗರದಲ್ಲಿ ಒಂದೆರಡು ದಿನ ತಂಗಲು ಒಂದು ಹೋಟೆಲು ಆರಿಸಲಾರದೆ, ವಾರವಿಡೀ ಊಟದ ಮೇಜಿನ ಮುಂದೆ ತಂಗಿಯ ಫೋನು ಹಿಡಿದುಕೊಂಡು ಕೂತಿದ್ದರು.

ಹೋಗಬೇಕಾಗಿದ್ದುದು ತಮ್ಮನಿಗಾಗಿ. ಒಡಹುಟ್ಟಿದ ಮೂವರಲ್ಲಿ ಅವನೇ ಕಿರಿಯವನು, ಮನೆಯಲ್ಲಿ ಎಲ್ಲರಿಗೂ ಚಿಕ್ಕೋನು. ನಗರದ ಮ್ಯೂಸಿಯಮ್ಮಿನಲ್ಲಿ ಕಾವಲುಗಾರನಾಗಿದ್ದ. ಹಳೆಯ ಮಣ್ಣಿನ ಪಾತ್ರೆಗಳನ್ನಿಟ್ಟ ಕೋಣೆಯೊಂದರ ಮೂಲೆಯಲ್ಲಿ ಅವನದೊಂದು ಕುರ್ಚಿ. ಪ್ರಾಯದಲ್ಲಿ ಆ ಕುರ್ಚಿಯ ಮೇಲೆ ಕೂತವನು ತಲೆ ನರೆಯುವವರೆಗೂ ಅಲ್ಲೇ ಕೂತಿದ್ದ. ಒಂದು ಬೆಳಗ್ಗೆ ಕೆಲಸಕ್ಕೆ ಬರಲಿಲ್ಲವಲ್ಲ ಎಂದು ಅವನ ಬಾಡಿಗೆ ಕೋಣೆಗೆ ಹೋಗಿ ನೋಡಿದವರಿಗೆ, ಹಾಸಿಗೆಯಲ್ಲಿ ಮಗ್ಗುಲಾಗಿ ಮಲಗಿದವನು ಮಲಗಿದಂತೆಯೇ ಹೋಗಿಬಿಟ್ಟದ್ದು ಗೊತ್ತಾಯಿತು. ದೇಹ ಊರಿಗೆ ಬಂತು, ಆಗಬೇಕಾದದ್ದು ಆಯಿತು. ಈಗ ಮ್ಯೂಸಿಯಮ್ಮಿನವರು ತಮ್ಮ ವಾರದ ರಜೆಯ ದಿನ, ಅವನು ಕಾಯುತ್ತಿದ್ದ ಪಾತ್ರೆಗಳ ಕೋಣೆಯಲ್ಲೇ ನಾಲ್ಕು ಜನ ಸೇರಿ ಅವನನ್ನು ನೆನೆಯಬೇಕೆಂದು ಮಾಡಿದ್ದರು. ಅಲ್ಲಿಯ ಮೇಲ್ವಿಚಾರಕನೇ ಫೋನು ಮಾಡಿದ.

"ಅಣ್ಣನವರು ಬಂದು ಎರಡು ಮಾತು ಆಡಬೇಕು. ನಮಗೆ ಗೊತ್ತಿರೋದು ಕುರ್ಚಿ ಮೇಲಿದ್ದ ಮನುಷ್ಯ. ಮನೇಲಿ ಹೇಗಿದ್ದ ಅಂತ ನೀವು ಹೇಳಿದ್ರೆ ಎಲ್ಲರಿಗೂ ಸಮಾಧಾನ ಆಗುತ್ತೆ."

ಆಗಲಿ ಎಂದು ಮಾವ ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೆ ಆ ಎರಡು ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡವು.

ತಮ್ಮನ ಬಗ್ಗೆ ಹೇಳಲು ಅವರ ಹತ್ತಿರ ಮಾತಿರಲಿಲ್ಲವೆಂದಲ್ಲ. ಇದ್ದವು, ಅದೇ ತೊಂದರೆ. ಚಿಕ್ಕೋನಿಗೆ ಹೆಣ್ಣು ಹುಡುಕುತ್ತಿದ್ದ ಕಾಲದಲ್ಲಿ ಎಷ್ಟೋ ಮನೆಗಳ ನಡುಮನೆಯಲ್ಲಿ ಕೂತು ಆಡಿದ ಮಾತುಗಳು ಅವು: ಹುಡುಗ ಸಾಧು, ಸರ್ಕಾರಿ ಕೆಲಸ, ಕೆಟ್ಟ ಚಟ ಒಂದೂ ಇಲ್ಲ, ಮಾತು ಕಡಿಮೆ, ಮನಸ್ಸು ದೊಡ್ಡದು. ಹೇಳಿ ಹೇಳಿ ಸವೆದು ನುಣ್ಣಗಾಗಿದ್ದವು. ಹೆಣ್ಣಿನ ಕಡೆಯವರು ಒಪ್ಪಿದಾಗ ಚಿಕ್ಕೋನು ಬರಲಿಲ್ಲ, ಅವನು ಬಂದಾಗ ಅವರು ಒಪ್ಪಲಿಲ್ಲ. ಊರಿಗೆಲ್ಲ ಮದುವೆ ಮಾಡಿಸಿದವನ ಮನೆಯಲ್ಲೇ ಒಬ್ಬ ಹಾಗೇ ಉಳಿದ, ದೀಪದ ಬುಡದಲ್ಲಿ ಕತ್ತಲು ಎಂದು ಜನ ನಕ್ಕರು. ಆಮೇಲೆ ಅಣ್ಣ ತಮ್ಮಂದಿರ ನಡುವೆ ಉಳಿದದ್ದು ವಾರಕ್ಕೊಂದು ಫೋನು. ಊಟ ಆಯ್ತಾ, ಆಯ್ತು. ಮೈ ಹೇಗಿದೆ, ಹಾಗೇ ಇದೆ. ಮತ್ತೆ? ಮತ್ತೇನಿಲ್ಲ. ಹೀಗಾಗಿ ತಮ್ಮನ ಹೆಸರಿನಲ್ಲಿ ಬಾಯಿ ತೆರೆದರೆ ಮಾವನಿಗೆ ಬರುತ್ತಿದ್ದುದು ಆ ಹಳೆಯ ನುಣುಪು ಮಾತುಗಳು ಮಾತ್ರ. ಅವುಗಳಲ್ಲಿ ಒಂದನ್ನಾದರೂ ತಾನು ಕಣ್ಣಾರೆ ಕಂಡು ಹೇಳಿದ್ದೇನೆಂದು ದೇವರ ಮುಂದೆ ಆಣೆ ಇಡಲು ಅವರಿಗೆ ಧೈರ್ಯವಿರಲಿಲ್ಲ.

ಅವರು ದೈವಭಕ್ತರು. ಬೆಳಗ್ಗೆ ಎದ್ದು ಕೈಮುಗಿದು ಕೂತಾಗ, ಸ್ವಾಮಿ, ಚಿಕ್ಕೋನ ಬಗ್ಗೆ ನನ್ನ ಬಾಯಲ್ಲಿ ಎರಡು ನಿಜವಾದ ಮಾತು ಹುಟ್ಟಿಸು ಎಂದು ಬೇಡಿಕೊಂಡರು. ದೇವರು ಸುಮ್ಮನಿದ್ದ. ಹೋಗಲಿ, ಹೋಟೆಲನ್ನಾದರೂ ತೋರಿಸು ಎಂದರು. ಕೇಳಿದ ಮೇಲೆ ಅವರಿಗೇ ನಾಚಿಕೆಯಾಯಿತು. ಹುಟ್ಟು ಸಾವುಗಳ ಒಡೆಯನನ್ನು ಬಿಸಿನೀರು ಬರುತ್ತದೋ ಇಲ್ಲವೋ ನೋಡಿಕೊಂಡು ಬಾ ಎಂದು ಓಡಿಸುವ ಭಕ್ತ ತಾನೊಬ್ಬನೇ ಇರಬೇಕು ಎನ್ನಿಸಿತು. ಆದರೂ ಕೋರಿಕೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ನಗರದ ಮ್ಯೂಸಿಯಮ್ಮುಗಳೆಲ್ಲ ಒಂದೇ ಬೀದಿಯಲ್ಲಿದ್ದವು. ಅವುಗಳ ಹತ್ತಿರ ಇವರ ಕೈಗೆಟುಕುವಂಥ ಹೋಟೆಲುಗಳು ಎರಡು. ಒಂದು, ಚಿಕ್ಕೋನ ಮ್ಯೂಸಿಯಮ್ಮಿನ ಹಿಂದಿನ ರಸ್ತೆಯಲ್ಲಿ, ಕೆಂಪು ಬಾಗಿಲಿನದು. ಇನ್ನೊಂದು ಸ್ವಲ್ಪ ದೂರ, ಪಾರ್ಕಿನ ಎದುರಿಗೆ. ಎರಡಕ್ಕೂ ಜನ ಬರೆದ ರಿವ್ಯೂಗಳು ರಾಶಿ ರಾಶಿ ಇದ್ದವು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ, ಕೆಂಪು ಬಾಗಿಲಿನ ಹೋಟೆಲನ್ನು ಒಬ್ಬ ಸ್ವರ್ಗ ಎಂದು ಬರೆದಿದ್ದರೆ ಅದರ ಕೆಳಗೇ ಇನ್ನೊಬ್ಬ, ಶತ್ರುವಿಗೂ ಬೇಡ ಎಂದಿದ್ದ. ಪಾರ್ಕಿನ ಎದುರಿನದರಲ್ಲಿ ಒಬ್ಬಳಿಗೆ ಹಾಸಿಗೆ ಹೂವಿನಂತಿತ್ತು, ಮತ್ತೊಬ್ಬನಿಗೆ ಅದೇ ಹಾಸಿಗೆ ಚಪ್ಪಡಿ ಕಲ್ಲು.

ಬೇರೆ ಯಾರಾದರೂ ಆಗಿದ್ದರೆ ಸ್ಟಾರು ಎಷ್ಟಿವೆ ನೋಡಿ ಒಂದು ಕಡೆಗೆ ಬೀಳುತ್ತಿದ್ದರು. ಮಾವನಿಗೆ ಅದು ಸಾಧ್ಯವಿರಲಿಲ್ಲ. ಹೊಗಳಿಕೆಯ ಹೊಟ್ಟೆ ಬಗೆದು ನೋಡುವುದು ಅವರ ವೃತ್ತಿಧರ್ಮ. ಮನೆತನ ದೊಡ್ಡದು ಎಂದರೆ ಸೂರು ಸೋರುತ್ತದೆ ಎಂದರ್ಥ, ಹುಡುಗನಿಗೆ ಸ್ನೇಹಿತರು ಜಾಸ್ತಿ ಎಂದರೆ ಸಂಜೆ ಮನೆಗೆ ಬರುವುದಿಲ್ಲ ಎಂದರ್ಥ. ಹಾಗೆಯೇ, ಸಿಬ್ಬಂದಿ ಬಹಳ ಪ್ರೀತಿಯಿಂದ ಮಾತಾಡಿಸಿದರು ಎಂದು ಯಾರೋ ಬರೆದದ್ದನ್ನು ಓದಿ, ಅಂದಮೇಲೆ ಬಿಸಿನೀರಿಲ್ಲ ಎಂದು ತೀರ್ಮಾನಿಸಿದರು. ಹಳೇ ಕಾಲದ ಸೊಗಸಿದೆ ಎಂಬುದಕ್ಕೆ, ಲಿಫ್ಟು ಕೆಟ್ಟಿದೆ. ಬೈಗುಳಗಳನ್ನೂ ಅವರು ಸುಮ್ಮನೆ ಬಿಡಲಿಲ್ಲ. ಇಷ್ಟು ಸಿಟ್ಟಿನಿಂದ ಬರೆದಿದ್ದಾನೆಂದರೆ ಹೆಂಡತಿಯ ಜೊತೆ ಜಗಳವಾಡಿಕೊಂಡೇ ಹೊರಟಿದ್ದಾನೆ, ಪಾಪ ಹೋಟೆಲಿನವರು ಏನು ಮಾಡಿಯಾರು ಎಂದು ಮರುಗಿದರು. ಹೀಗೆ ಒಳ್ಳೆಯದೆಲ್ಲ ಕೆಟ್ಟದ್ದಾಗಿ, ಕೆಟ್ಟದ್ದೆಲ್ಲ ಒಳ್ಳೆಯದಾಗಿ, ಸಂಜೆಯ ಹೊತ್ತಿಗೆ ಎರಡು ಹೋಟೆಲುಗಳೂ ಹೊರಟ ಜಾಗಕ್ಕೇ ಬಂದು ನಿಲ್ಲುತ್ತಿದ್ದವು.

ತಂಗಿ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಅವಳ ಹೊಲಿಗೆಯ ಅಂಗಡಿ. ಅಳತೆ ತೆಗೆದ ಮೇಲೆ ಬಟ್ಟೆಗೆ ಕತ್ತರಿ ಹಾಕಲು ಎರಡು ಸಲ ಯೋಚಿಸುವ ಹೆಣ್ಣಲ್ಲ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದವಳು, ಅಣ್ಣನೂ ಹೆಂಡತಿಯನ್ನು ಕಳೆದುಕೊಂಡ ಮೇಲೆ ಮನೆಯನ್ನು ತಾನೇ ನಡೆಸುತ್ತಿದ್ದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವುದು ಅವಳಿಗೆ ಅಭ್ಯಾಸ, ಮಾತೂ ಅದರ ಮೊನೆಗೆ ತಕ್ಕ ಹಾಗೆ.

"ಅಣ್ಣಾ, ನಾವು ಎರಡು ದಿನ ಮಲಗಿ ಏಳೋಕೆ ಹೋಗ್ತಿರೋದು. ಹೋಟ್ಲಿಗೆ ಹೆಣ್ಣು ಕೊಡ್ತಾ ಇಲ್ಲ."

"ಹೆಣ್ಣು ಕೊಟ್ರೆ ಚಿಂತೆ ಇಲ್ಲಮ್ಮ, ಹೇಗೋ ಹೊಂದಿಕೊಂಡು ಹೋಗ್ತಾಳೆ. ನನ್ನ ಸೊಂಟ ಹೊಂದಿಕೊಳ್ಳಲ್ಲ."

"ಹೊಂದಿಕೊಂಡು ಹೋದೋರನ್ನ ಆಮೇಲೆ ಯಾವತ್ತಾದ್ರೂ ಹೋಗಿ ಕೇಳಿದ್ದೀಯಾ?"

ಮಾವ ಮತ್ತೆ ಫೋನಿನೊಳಗೆ ಮುಖ ಹುದುಗಿಸಿದರು.

ಮಾರನೆಯ ದಿನ ಅವರಿಗೆ ಕಸುಬಿನ ಮೂಲಸೂತ್ರ ನೆನಪಾಯಿತು. ಹುಡುಗನ ವಿಷಯ ಹುಡುಗನ ಮನೆಯವರನ್ನು ಕೇಳಬೇಡ, ಆಗದವರನ್ನೂ ಕೇಳಬೇಡ, ಎದುರು ಮನೆಯವರನ್ನು ಕೇಳು. ದಿನಾ ಕಸ ಹಾಕುವಾಗ ಮುಖ ನೋಡುವವರು ಅವರು. ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಂಡು, ತಂಗಿಯಿಂದಲೇ ಹುಡುಕಿಸಿ, ಕೆಂಪು ಬಾಗಿಲಿನ ಹೋಟೆಲಿನ ಎದುರಿಗಿದ್ದ ಕನ್ನಡಕದ ಅಂಗಡಿಗೆ ಫೋನು ಮಾಡಿದರು.

ಕನ್ನಡಕದವನು ಮೊದಲು, ಯಾರದೋ ಕಣ್ಣಿನ ನಂಬರು ಹೇಳುತ್ತಾರೆಂದು ಪೆನ್ನು ಹಿಡಿದುಕೊಂಡನಂತೆ. ಮಾವ ಮಾತ್ರ ತಮ್ಮ ಹೆಸರು ಹೇಳಿ, ಅಭ್ಯಾಸದ ಮೆಲುದನಿಯಲ್ಲಿ, ನಿಮ್ಮೆದುರಿನ ಹೋಟೆಲಿನವರು ಹೇಗೆ, ನಡತೆ ಹೇಗೆ ಎಂದು ಶುರುಮಾಡಿದರು. ಒಳಗೊಳಗೇ ಜಗಳ ಗಿಗಳ ಉಂಟೋ, ಹಿಂದೆ ಏನಾದರೂ ಕಾಯಿಲೆ ಕಸಾಲೆ ಇತ್ತೋ, ಸಂಜೆಯ ಮೇಲೆ ಎಂಥ ಜನ ಬಂದುಹೋಗುತ್ತಾರೆ, ಬಟ್ಟೆಬರೆ ಶುಚಿಯಾಗಿರುತ್ತದೋ ಎಂದೆಲ್ಲ ಕೇಳಿದರು. ಮುಚ್ಚಿಡಬೇಡಿ, ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ ಎಂದು ಭರವಸೆಯನ್ನೂ ಕೊಟ್ಟರು. ಕನ್ನಡಕದವನು ಗಂಟಲು ಸರಿಮಾಡಿಕೊಂಡು, ಬಹಳ ಒಳ್ಳೆಯವರು ಸಾರ್, ಎಲ್ಲ ನಿಯಮದ ಪ್ರಕಾರವೇ ನಡೆಸುತ್ತಾರೆ ಎಂದು ಒಂದೇ ಉಸಿರಿಗೆ ಹೇಳಿ ಫೋನಿಟ್ಟ.

"ನೋಡಿದ್ಯಾ, ಎದುರು ಮನೆಯವನ ಬಾಯಲ್ಲಿ ಒಳ್ಳೆ ಮಾತು ಬಂತು. ಇಡೀ ಲೋಕದಲ್ಲಿ ಇದು ಅಪರೂಪ," ಎಂದು ಮಾವ ಬೀಗಿದರು.

ಅವರ ಮನಸ್ಸು ಬದಲಾಗುವ ಮೊದಲೇ ತಂಗಿ ಫೋನು ಕಿತ್ತುಕೊಂಡು ಎರಡು ಕೋಣೆ ಗೊತ್ತುಮಾಡಿದಳು.

ಬಸ್ಸಿಳಿದು ಇಬ್ಬರೂ ಕೆಂಪು ಬಾಗಿಲಿಗೆ ಬಂದಾಗ ಮಧ್ಯಾಹ್ನ ಕಳೆದಿತ್ತು. ಹೋಟೆಲಿನ ಮ್ಯಾನೇಜರು, ಎಣ್ಣೆ ಹಚ್ಚಿ ಬಾಚಿದ ತಲೆಯ ತೆಳ್ಳನೆಯ ಮನುಷ್ಯ, ಮೆಟ್ಟಿಲ ಮೇಲೆಯೇ ನಿಂತಿದ್ದ. ಮಾವ ಕೌಂಟರಿನಲ್ಲಿ ಹೆಸರು ಹೇಳಿದ್ದೇ ತಡ, ಅವರ ಚೀಲವನ್ನು ತಾನೇ ಹೊತ್ತುಕೊಂಡ. ಹೊತ್ತುಕೊಂಡು ಅವನು ಆಚೆ ರಸ್ತೆಯ ಕಡೆಗೆ ಒಮ್ಮೆ ನೋಡಿದ. ಕನ್ನಡಕದ ಅಂಗಡಿಯ ಬಾಗಿಲಲ್ಲಿ ನಿಂತಿದ್ದವನು, ಹೌದು, ಇವರೇ ಇರಬೇಕು ಎನ್ನುವ ಹಾಗೆ ಕತ್ತು ಆಡಿಸಿದ. ಮಾವ ಇದನ್ನೆಲ್ಲ ಕಂಡರೂ, ತಮ್ಮ ವಯಸ್ಸಿಗೆ ಸಿಕ್ಕುತ್ತಿರುವ ಮರ್ಯಾದೆ ಎಂದೇ ತಿಳಿದರು. ಮನುಷ್ಯನಿಗೆ ಮರ್ಯಾದೆ ಸಿಕ್ಕಾಗ ಕಾರಣ ಹುಡುಕುವ ಬುದ್ಧಿ ಬರುವುದಿಲ್ಲ.

ಮ್ಯಾನೇಜರು ಅವರನ್ನು ಕೋಣೆಗೆ ಕರೆದೊಯ್ಯುವ ಬದಲು ಅಡುಗೆಮನೆಗೆ ಕರೆದೊಯ್ದ. ಸ್ಟವ್ ತೋರಿಸಿದ, ಪಾತ್ರೆ ತೊಳೆಯುವ ಜಾಗ ತೋರಿಸಿದ. ಅಲ್ಲಿಂದ ದುಪ್ಪಟಿ ಇಡುವ ಕೋಣೆಗೆ, ಅಲ್ಲಿಂದ ನೀರು ಕಾಯಿಸುವ ಬಾಯ್ಲರಿನ ಹತ್ತಿರಕ್ಕೆ. ಇಷ್ಟು ಮುಚ್ಚುಮರೆಯಿಲ್ಲದ ಮನೆಯವರನ್ನು ಮಾವ ಜನ್ಮದಲ್ಲಿ ಕಂಡಿರಲಿಲ್ಲ. ಹೆಣ್ಣು ತೋರಿಸುವಾಗ ಹಿತ್ತಿಲನ್ನೂ ತೋರಿಸುವವರು ಎಲ್ಲಿದ್ದಾರೆ? ಉತ್ಸಾಹ ಬಂದು ಅವರೂ ಕಿಟಕಿಯ ಕಟ್ಟೆಯ ಮೇಲೆ ಬೆರಳು ಎಳೆದು ಧೂಳು ನೋಡಿದರು, ದುಪ್ಪಟಿಯನ್ನು ಬೆಳಕಿಗೆ ಹಿಡಿದರು. ಲಿಫ್ಟಿನ ಮುಂದೆ ಬಂದಾಗ, ಸ್ವಲ್ಪ ನಡೆಸಿ ತೋರಿಸಿ ಎಂದರು. ಲಿಫ್ಟು ನರಳಿಕೊಂಡು ಮೇಲೆ ಹೋಗಿ ಕೆಳಗೆ ಬಂತು. ಕಾಲು ಸ್ವಲ್ಪ ಎಳೆಯುತ್ತೆ, ಆದರೂ ಪರವಾಗಿಲ್ಲ ಎಂದು ಮಾವ ಗಂಭೀರವಾಗಿ ತಲೆಯಾಡಿಸಿದರು. ತಂಗಿ ಹಿಂದಿನಿಂದ ಅವರ ಅಂಗಿಯ ಚುಂಗು ಹಿಡಿದು ಎಳೆಯುತ್ತಲೇ ಇದ್ದಳು.

ಕೊನೆಗೆ ಮ್ಯಾನೇಜರು ಬೀದಿಯ ಕಡೆ ಕಿಟಕಿಯಿದ್ದ ದೊಡ್ಡ ಕೋಣೆಯ ಬಾಗಿಲು ತೆರೆದು, ಕೈ ಹೊಸೆಯುತ್ತ ಕೇಳಿದ.

"ತಪ್ಪು ತಿಳೀಬೇಡಿ ಸಾರ್. ತಾವು ಯಾವ ಇಲಾಖೆಯಿಂದ?"

"ಇಲಾಖೆಯಾ?" ಮಾವ ಒಂದು ಕ್ಷಣ ಯೋಚಿಸಿ ಹೇಳಿದರು, "ಮದುವೆ."

ಎದುರಿನ ಅಂಗಡಿಗೆ ಫೋನು ಮಾಡಿದ್ದು ತಪಾಸಣೆಯ ಅಧಿಕಾರಿಯಲ್ಲ, ಸಂಬಂಧ ಕೂಡಿಸುವ ತನ್ನಣ್ಣ ಎಂದು ತಂಗಿ ಬಿಡಿಸಿ ಹೇಳಬೇಕಾಯಿತು. ಮ್ಯಾನೇಜರಿನ ಮುಖದಲ್ಲಿ ಮೊದಲು ಜೀವ ಬಂತು, ಆಮೇಲೆ ಸಿಟ್ಟು ಬಂತು, ಆಮೇಲೆ ಎರಡೂ ಹೋಗಿ ಮ್ಯಾನೇಜರಿನ ಮುಖವೇ ಉಳಿಯಿತು. ಅವನು ಚೀಲವನ್ನು ಕೆಳಗಿಟ್ಟ. ದೊಡ್ಡ ಕೋಣೆಯ ಬಾಗಿಲು ಮುಚ್ಚಿತು. ಇವರಿಗೆ ಸಿಕ್ಕಿದ್ದು ಅಡುಗೆಮನೆಯ ಹಿಂದಿನ ಎರಡು ಕೋಣೆ. ಅಲ್ಲಿ ಗೋಡೆಯೊಳಗಿನ ಪೈಪು ಆಗಾಗ ಹೊಟ್ಟೆನೋವಿನವನ ಹಾಗೆ ಮುಲುಗುತ್ತಿತ್ತು. ಸ್ವರ್ಗ ಎಂದು ಬರೆದವನೂ ಬೇಡವೆಂದು ಬರೆದವನೂ ಇದೇ ಹೋಟೆಲಿನಲ್ಲಿ, ಆದರೆ ಬೇರೆ ಬೇರೆ ಬಾಗಿಲಿನ ಹಿಂದೆ ಮಲಗಿದ್ದರೆಂಬುದು ಮಾವನಿಗೆ ಆಗ ತಿಳಿಯಿತು. ವಾರವಿಡೀ ಓದಿ ಕಂಡುಹಿಡಿಯಲಾಗದ್ದನ್ನು ಎರಡೂ ಬಾಗಿಲ ಮುಂದೆ ನಿಂತು ತಿಳಿದುಕೊಂಡ ಜಾಣ ತಾನೆಂದು ಮಂಚದ ಮೇಲೆ ಕೂತು ಒಬ್ಬರೇ ನಕ್ಕರು. ಮಂಚ ಅವರಿಗಿಂತ ಜೋರಾಗಿ ಕಿರುಗುಟ್ಟಿತು.

ಸಂಜೆ ತಂಗಿ ಅವರ ಕೋಣೆಗೆ ಬಂದು, ನಾಳೆ ಹಾಕಿಕೊಳ್ಳಬೇಕಾದ ಅಂಗಿಯ ಸಡಿಲವಾದ ಗುಂಡಿಯನ್ನು ಬಿಗಿಮಾಡುತ್ತ ಕೂತಳು.

"ಏನು ಹೇಳ್ತೀಯ ನಾಳೆ? ಒಂದ್ಸಲ ನನ್ನ ಮುಂದೆ ಹೇಳು, ಕೇಳೋಣ."

ಮಾವ ಎದ್ದು ನಿಂತು, ಗೋಡೆಯ ಕಡೆ ನೋಡಿ, ಸಾಧು ಎಂದು ಶುರುಮಾಡಿ ದೊಡ್ಡ ಮನಸ್ಸಿನವರೆಗೆ ಹೇಳಿ ಮುಗಿಸಿದರು. ಹುಡುಗ ಎನ್ನುವ ಕಡೆ ಮನುಷ್ಯ ಎಂದು ಬದಲಾಯಿಸಿದ್ದರು, ಅಷ್ಟೇ. ತಂಗಿ ದಾರ ಕಚ್ಚಿ ತುಂಡರಿಸಿದಳು.

"ಇದನ್ನ ನಾನು ಕೇಳಿದ್ದೀನಿ."

"ಚಿಕ್ಕೋನ ವಿಷಯ, ಮನೇಲಿ ಹೇಳ್ತಾ ಇದ್ದದ್ದೇ ಅಲ್ವಾ?"

"ಚಿಕ್ಕೋನ ವಿಷಯದಲ್ಲಲ್ಲ. ನನ್ನ ಗಂಡನ ವಿಷಯದಲ್ಲಿ. ಅಪ್ಪನ ಮುಂದೆ ಕೂತ್ಕೊಂಡು ನೀನು ಇದನ್ನೇ ಹೇಳಿದ್ದೆ. ನನ್ನ ಗಂಡ ಕುಡೀತಾ ಇದ್ರು ಅಣ್ಣ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಂಗಿ ಕೊಡವಿ ಕುರ್ಚಿಯ ಬೆನ್ನಿಗೆ ಹಾಕಿದಳು. ಗೋಡೆಯೊಳಗೆ ಪೈಪು ಮುಲುಗಿತು. ಮಾವ ಕೂತುಕೊಂಡರು.

"ಹಾಗಾದ್ರೆ ನೀನೇ ಹೇಳಿಬಿಡು," ಎಂದರು.

"ನನಗೇನು ಗೊತ್ತಿದೆ? ವರ್ಷಕ್ಕೊಂದು ಪ್ಯಾಂಟು ಹೊಲಿದು ಕಳಿಸ್ತಿದ್ದೆ. ಅವನ ಸೊಂಟದ ಅಳತೆ ಗೊತ್ತು. ಅದನ್ನ ಹೇಳೋಕಾಗುತ್ತಾ?" ಎಂದವಳು ಸ್ವಲ್ಪ ತಡೆದು, "ಏನಾದ್ರೂ ಹೇಳಣ್ಣ, ಸುಳ್ಳು ಮಾತ್ರ ಬೇಡ. ಅವನು ಹೋಗಿದ್ದು ಒಬ್ಬನೇ. ಅಲ್ಲೂ ಅವನ ಜಾಗದಲ್ಲಿ ಬೇರೆ ಯಾರನ್ನೋ ನಿಲ್ಲಿಸಿ ಬರಬೇಡ," ಎಂದಳು.

ಅವಳು ಹೋದ ಮೇಲೆ ಮಾವ ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತರು. ಕೇಳಬೇಕಾದದ್ದನ್ನು ಕೇಳಿಯಾಗಿತ್ತು. ಮತ್ತೆ ಕೇಳುವುದಕ್ಕೆ ಸಂಕೋಚವಾಯಿತು. ತಾನು ಈ ದೇವರನ್ನು ಬಲ್ಲೆನೆಂದು ಹೇಳಿಕೊಳ್ಳುವುದೂ ಎದುರು ಮನೆಯವರ ಮಾತು ಕೇಳಿಯೇ ಇರಬಹುದೇ ಎಂದು ಅವರಿಗೆ ಅನ್ನಿಸಿತು. ದೇವರ ಬಗ್ಗೆಯೂ ಜನ ಬರೆದದ್ದು ಒಂದೇ ಥರ ಇಲ್ಲ. ಕೆಲವರಿಗೆ ಕೊಟ್ಟಿದ್ದಾನೆ, ಕೆಲವರನ್ನು ಬಾಗಿಲಲ್ಲೇ ನಿಲ್ಲಿಸಿದ್ದಾನೆ. ಆದರೂ ಜನ ಅವನ ಮನೆಗೆ ಹೋಗುವುದನ್ನು ಬಿಟ್ಟಿಲ್ಲ. ಇಷ್ಟು ಯೋಚಿಸುವಷ್ಟರಲ್ಲಿ ಬಸ್ಸಿನ ಆಯಾಸಕ್ಕೆ ನಿದ್ದೆ ಬಂದುಬಿಟ್ಟಿತು. ಸೊಂಟದ ಬಗ್ಗೆ ಅಷ್ಟು ಚಿಂತೆ ಮಾಡಿದ್ದವರು ಬೆಳಗಿನವರೆಗೆ ಮಗ್ಗುಲು ಬದಲಾಯಿಸಲಿಲ್ಲ.

ಮ್ಯೂಸಿಯಮ್ಮು ನಿಜಕ್ಕೂ ಹತ್ತಿರವಿತ್ತು. ರಜೆಯ ದಿನವಾದ್ದರಿಂದ ದೊಡ್ಡ ಬಾಗಿಲು ಹಾಕಿತ್ತು. ಪಕ್ಕದ ಸಣ್ಣ ಬಾಗಿಲಿನಿಂದ ಮೇಲ್ವಿಚಾರಕ ಅವರನ್ನು ಒಳಗೆ ಕರೆದುಕೊಂಡ. ಹೊಟ್ಟೆಯಿದ್ದ ದೊಡ್ಡ ಆಳು, ನಡೆದರೆ ಸೊಂಟದ ಬೀಗದಕೈಗಳು ಸದ್ದುಮಾಡುತ್ತಿದ್ದವು. ಪಾತ್ರೆಗಳ ಕೋಣೆ ಉದ್ದವಾಗಿತ್ತು. ಎರಡೂ ಕಡೆ ಗಾಜಿನ ಕಪಾಟು, ಒಳಗೆ ಗಡಿಗೆ, ಹೂಜಿ, ಬೋಗುಣಿ. ಹೆಚ್ಚಿನವು ಒಡೆದು ಜೋಡಿಸಿದವು, ಸೇರಿಸಿದ ಗೆರೆಗಳು ಮುದಿ ಕೈಯ ನರಗಳಂತೆ ಕಾಣುತ್ತಿದ್ದವು. ಕೋಣೆಯ ಆ ತುದಿಯಲ್ಲಿ ಇನ್ನೊಂದು ಬಾಗಿಲು. ಅದರಾಚೆ ಕತ್ತಿ ಗುರಾಣಿಗಳ ಕೋಣೆಯಂತೆ, ಬರುವವರೆಲ್ಲ ಓಡುವುದು ಅಲ್ಲಿಗಂತೆ. ಆ ಬಾಗಿಲ ಪಕ್ಕದಲ್ಲಿ ಚಿಕ್ಕೋನ ಕುರ್ಚಿ ಇತ್ತು. ಕೂರುವ ಜಾಗ ಸವೆದು ಬಣ್ಣ ಹೋಗಿತ್ತು. ಅದರ ಮೇಲೆ ಯಾರೂ ಕೂತಿರಲಿಲ್ಲ.

ಬಂದವರು ಹೆಚ್ಚಿರಲಿಲ್ಲ. ಟಿಕೆಟ್ ಕೊಡುವ ಹೆಂಗಸು, ಒಡೆದ ಪಾತ್ರೆಗಳನ್ನು ಜೋಡಿಸುವ ಕನ್ನಡಕದ ತಜ್ಞೆ, ಬೇರೆ ಕೋಣೆಗಳ ಕಾವಲುಗಾರರು, ನೆಲ ಒರೆಸುವ ಮುದುಕಿ. ಮಡಿಸುವ ಕುರ್ಚಿಗಳ ಮೇಲೆ ಎಲ್ಲರೂ ಕೂತರು. ಮೇಲ್ವಿಚಾರಕ ಸ್ವಲ್ಪ ಮಾತಾಡಿ, ಈಗ ಅಣ್ಣನವರು ಎಂದ.

ಮಾವ ಎದ್ದರು. ಬೆಳಗಿನಿಂದ ಮನಸ್ಸಿನಲ್ಲಿ ಏನೋ ಒಂದನ್ನು ಕಟ್ಟಿಕೊಂಡು ಬಂದಿದ್ದರು. ನಿಂತ ಕೂಡಲೇ ಅದು ಜಾರಿಹೋಯಿತು. ಮೇಲೆ ನೋಡಿದರು, ಕೆಳಗೆ ನೋಡಿದರು. ಎಲ್ಲರೂ ತಮ್ಮ ಮುಖವನ್ನೇ ನೋಡುತ್ತ ಕಾಯುತ್ತಿದ್ದರು. ಹೆಣ್ಣಿನ ಮನೆಯವರು ಹಾಗೆಯೇ ಕಾಯುತ್ತಾರೆ. ನಾಲಿಗೆ ತನ್ನ ಹಳೆಯ ದಾರಿ ಹಿಡಿಯಿತು.

"ಹುಡುಗ ಸಾಧು," ಎಂದರು.

ಅರವತ್ತು ಹತ್ತಿರ ಬಂದಿದ್ದ ಹುಡುಗ. ಯಾರೂ ನಗಲಿಲ್ಲ. ಸರ್ಕಾರಿ ಕೆಲಸ ಎಂದರು. ಅಲ್ಲಿದ್ದವರೆಲ್ಲ ಅದೇ ಕೆಲಸದವರಾದ್ದರಿಂದ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಟ್ಟ ಚಟ ಒಂದೂ ಇರಲಿಲ್ಲ ಎಂದರು. ತಂಗಿ ತಲೆ ತಗ್ಗಿಸಿದ್ದು ಅವರಿಗೆ ಕಂಡಿತು. ಕಂಡರೂ ಇಳಿಜಾರಿನಲ್ಲಿ ಬಿಟ್ಟ ಗಾಡಿಯಂತೆ ಮಾತು ಮುಂದಕ್ಕೇ ಉರುಳಿತು.

"ಮಾತು ಕಡಿಮೆ..."

ಟಿಕೆಟ್ಟಿನ ಹೆಂಗಸು ನಕ್ಕುಬಿಟ್ಟಳು. ತಡೆಯಲಾರದೆ ಬಂದ ನಗು. ತಕ್ಷಣ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮೇಲ್ವಿಚಾರಕ ಅವಳ ಕಡೆ ಕಣ್ಣು ಬಿಟ್ಟ. ಅವನ ಹೊಟ್ಟೆಯೂ ಕುಲುಕುತ್ತಿದ್ದುದನ್ನು ಮಾವ ನೋಡಿದರು.

"ಯಾಕಮ್ಮ ನಕ್ಕಿದ್ದು?" ಎಂದು ಕೇಳಿದರು.

"ತಪ್ಪಾಯ್ತು ಯಜಮಾನ್ರೆ. ಬೇಕೂಂತ ನಗಲಿಲ್ಲ."

"ತಪ್ಪು ನನ್ನದಮ್ಮ. ಅವನ ವಿಷಯ ನನಗೆ ಗೊತ್ತಿಲ್ಲ. ನಾನು ಈಗ ಹೇಳಿದ್ದು ಹೆಣ್ಣಿನ ಮನೆಯವರಿಗೆ ಹೇಳ್ತಾ ಇದ್ದದ್ದು. ನನ್ನ ಹತ್ರ ಅವನು ವಾರಕ್ಕೊಂದ್ಸಲ ಮತ್ತೇನಿಲ್ಲ ಅಂತಿದ್ದ. ನಿಮ್ಮ ಹತ್ರ ಏನು ಮಾತಾಡ್ತಿದ್ದ? ಹೇಳಿ, ನಾನು ಕೇಳೋಕೆ ಬಂದಿದ್ದೀನಿ."

ಹೀಗೆ ಹೇಳಿ ಕೂತುಬಿಟ್ಟರು. ಕೂತ ಮೇಲೆ, ಜೀವಮಾನದಲ್ಲಿ ಮೊದಲ ಸಲ ಸಂಬಂಧ ಕೆಡಿಸಿಕೊಂಡು ಬಂದವನಂತೆ ಕಿವಿ ಬಿಸಿಯಾಯಿತು.

 ಟಿಕೆಟ್ಟಿನ ಹೆಂಗಸೇ ಮೊದಲು ಶುರುಮಾಡಿದಳು. ಚಹಾದ ಹೊತ್ತಿಗೆ ಅವನು ಕೌಂಟರಿಗೆ ಬಂದರೆ ಇವಳಿಗೆ ಟಿಕೆಟ್ ಹರಿಯಲು ಬಿಡುತ್ತಿರಲಿಲ್ಲವಂತೆ. ಬಂದವರು ಹೇಗೆ ನಡೆದರು, ಹೇಗೆ ಆಕಳಿಸಿದರು, ಎಲ್ಲವನ್ನೂ ಅವನು ಮಾಡಿ ತೋರಿಸಲೇಬೇಕು. ಸಾಲಿನಲ್ಲಿ ನಿಂತವರೆಲ್ಲ ನಗುತ್ತಿದ್ದರಂತೆ.

ಪಾತ್ರೆ ಜೋಡಿಸುವ ತಜ್ಞೆ ಕನ್ನಡಕ ತೆಗೆದು ಒರೆಸಿಕೊಂಡಳು. ತನಗೆ ಅವನಿಂದ ಬಹಳ ತೊಂದರೆಯಾಗಿತ್ತು, ಮೇಲಿನವರಿಗೆ ದೂರನ್ನೂ ಕೊಟ್ಟಿದ್ದೆ ಎಂದು ಮುಚ್ಚಿಡದೆ ಹೇಳಿದಳು. ಕತ್ತಿಯ ಕೋಣೆಗೆ ಓಡುವ ಮಕ್ಕಳನ್ನು ತಡೆದು ನಿಲ್ಲಿಸಲು ಅವನು ಪಾತ್ರೆಗಳ ಮೇಲೆ ಬಾಯಿಗೆ ಬಂದ ಕಥೆ ಕಟ್ಟುತ್ತಿದ್ದನಂತೆ. ಈ ಗಡಿಗೆ ಒಡೆದದ್ದು ಅತ್ತೆ ಸೊಸೆಯ ಜಗಳದಲ್ಲಿ. ಆ ಕಪಾಟಿನ ಹೂಜಿಯೂ ಈ ಕಪಾಟಿನ ಬೋಗುಣಿಯೂ ಗಂಡಹೆಂಡತಿ, ಮಾತು ಬಿಟ್ಟು ಬಹಳ ಕಾಲವಾಗಿದೆ.

"ಎರಡಕ್ಕೂ ನಡುವೆ ಸಾವಿರ ವರ್ಷ ಇದೆ ರೀ ಅಂತ ನಾನಂದ್ರೆ, ಅದಕ್ಕೇನಮ್ಮ, ನಮ್ಮಣ್ಣನ್ನ ಕರೆಸಿದ್ರೆ ಒಂದು ಮಧ್ಯಾಹ್ನದಲ್ಲಿ ಒಪ್ಪಿಸ್ತಾನೆ ಅಂತಿದ್ರು."

 ಮಾವ ಹೂಜಿಯನ್ನು ನೋಡಿದರು, ಬೋಗುಣಿಯನ್ನು ನೋಡಿದರು. ತಂಗಿ ಸೆರಗಿನಲ್ಲಿ ಮುಖ ಒತ್ತಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವರಿಗೆ ತಿಳಿಯಲಿಲ್ಲ.

ಆಮೇಲೆ ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರದು ಬಂತು. ಸಾಧುವೇ? ಎಂದ ಕತ್ತಿಯ ಕೋಣೆಯ ಕಾವಲುಗಾರ, ಒಂದು ಛತ್ರಿಗಾಗಿ ನನ್ನ ಜೊತೆ ಎಷ್ಟೋ ದಿನ ಮಾತು ಬಿಟ್ಟಿದ್ದ, ಛತ್ರಿ ನನ್ನದೇ. ಮನಸ್ಸು ದೊಡ್ಡದು ಎಂದು ಒಬ್ಬ ಹೇಳಿದರೆ, ಇಲ್ಲ, ಒಂದು ರಜೆಯನ್ನೂ ಬದಲಾಯಿಸಿಕೊಡುತ್ತಿರಲಿಲ್ಲ, ಬಹಳ ಹಟಮಾರಿ ಎಂದು ಇನ್ನೊಬ್ಬ. ಅವನಷ್ಟು ಎಚ್ಚರದ ಆಳನ್ನು ನೋಡಿಲ್ಲ ಎಂದ ಮೇಲ್ವಿಚಾರಕ, ಮಧ್ಯಾಹ್ನ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಿದ್ದ ಎಂದೂ ಸೇರಿಸಿದ. ಹೊಗಳಿಕೆ ಬಂದಾಗ ಅದರ ಹೊಟ್ಟೆ ಬಗೆಯಲು ಮಾವನಿಗೆ ಮನಸ್ಸಾಗಲಿಲ್ಲ. ದೂರು ಬಂದಾಗ, ಹೇಳುವವನು ಯಾಕೆ ಹೇಳುತ್ತಿದ್ದಾನೆಂದು ಯೋಚಿಸಲೂ ಇಲ್ಲ. ಯಾವುದನ್ನೂ ಬಿಡದೆ, ಹಸಿದವನು ತಟ್ಟೆಗೆ ಬಿದ್ದದ್ದನ್ನೆಲ್ಲ ತಿನ್ನುವ ಹಾಗೆ ಕೇಳುತ್ತ ಹೋದರು.

ಎಲ್ಲರದೂ ಮುಗಿಯಿತು ಎನ್ನುವಾಗ ಅವರ ಕಣ್ಣು ಹಿಂದೆ ಕೂತಿದ್ದ ಮುದುಕಿಯ ಮೇಲೆ ಬಿತ್ತು.

"ನೀವು ಏನೂ ಹೇಳಲಿಲ್ಲ ಅಜ್ಜಿ."

"ನಂದು ಒಳ್ಳೆ ಮಾತಲ್ಲಪ್ಪ," ಎಂದಳು ಮುದುಕಿ. "ಸತ್ತೋರ ಮೇಲೆ ಯಾಕೆ?"

"ಅದನ್ನೇ ಹೇಳಿ."

ಮುದುಕಿ ಸುತ್ತ ನೋಡಿ, ಬಹಳ ದಿನದಿಂದ ಕಟ್ಟಿಟ್ಟ ಗಂಟು ಬಿಚ್ಚುವವಳಂತೆ ಮಾತು ತೆಗೆದಳು. ಅವಳು ಬೆಳಗ್ಗೆ ಕೋಣೆ ಒರೆಸಿ ಬಕೆಟ್ಟು ಎತ್ತುವ ಹೊತ್ತಿಗೆ ಸರಿಯಾಗಿ ಅವನು ಬರುತ್ತಿದ್ದನಂತೆ. ನೆಲ ಆರುವವರೆಗೆ ತಡೆಯಪ್ಪ ಎಂದರೆ ಕೇಳುತ್ತಿರಲಿಲ್ಲವಂತೆ. ಒದ್ದೆ ನೆಲದ ಮೇಲೇ ನಡೆದು ಬಂದು ಕುರ್ಚಿ ಹಿಡಿಯಬೇಕು.

"ಬೈದ್ರೆ ಪಾಪ ಅನ್ಸೋದೇನೋ ಅವನಿಗೆ. ಎದ್ದು, ಮತ್ತೆ ಬಾಗ್ಲಿಗೆ ಹೋಗಿ, ಕಾಲೊರೆಸಿಕೊಂಡು, ತುದಿಗಾಲಲ್ಲಿ ಹಳೇ ಹೆಜ್ಜೆ ಮೇಲೇ ಹೆಜ್ಜೆ ಇಟ್ಕೊಂಡು ಬರೋನು. ಅದರಿಂದ ಏನು ಬಂತು? ನಾನು ಎರಡನೇ ಸಲ ಒರೆಸಬೇಕಿತ್ತು. ಇಲ್ಲೇ, ನೀವು ಕಾಲಿಟ್ಟಿದ್ದೀರಲ್ಲ, ಇಲ್ಲೇ ಬೀಳ್ತಿದ್ವು ಅವನ ಹೆಜ್ಜೆ."

ಮಾವ ತಮ್ಮ ಕಾಲನ್ನು ಮೆಲ್ಲಗೆ ಈಚೆಗೆ ಎಳೆದುಕೊಂಡರು. ನೆಲ ಒಣಗಿತ್ತು, ಮುದುಕಿ ಬೆಳಗ್ಗೆಯೇ ಒರೆಸಿದ್ದಳು, ಕಲ್ಲಿನ ಮೇಲೆ ಏನೂ ಇರಲಿಲ್ಲ. ಅವರು ಬಗ್ಗಿ ಆ ಜಾಗವನ್ನೇ ನೋಡುತ್ತ ಕೇಳಿದರು.

"ಯಾವ ಬಾಗಿಲಿಂದ ಬರ್ತಿದ್ದ, ಅಜ್ಜಿ?"